ಇ-ಮೇಲಿನ ಬೀಗದಕೈ ಯಾರ ಬಳಿಯಲ್ಲಿರಬೇಕು?



ಒಂದು ಕಾಲದಲ್ಲಿ ಪರವೂರಿನಲ್ಲಿ ದುಡಿಯುವ ನಮ್ಮವರ ವಿಳಾಸವೆಂದರೆ ಹೋಟೆಲಿನ ಹೆಸರು, ಇಲ್ಲವೆ ಚಾಳಿನ ಖೋಲಿಯ ನಂಬರು. ಊರಿನಿಂದ ಕಾಗದ ಬಂದರೆ ಗಲ್ಲಾದಲ್ಲಿ ಕುಳಿತವರು ತೆಗೆದಿರಿಸಿ ಕೊಡುತ್ತಿದ್ದರು. ಗಿರಣಿಯ ನೋಟೀಸು ಗೇಟಿನ ಹಲಗೆಯ ಮೇಲೆ ಅಂಟುತ್ತಿತ್ತು. ಓದಲು ಬಾರದವನಿಗೆ ಓದಿ ಹೇಳುವವನೊಬ್ಬ ಪಕ್ಕದಲ್ಲಿಯೇ ಇರುತ್ತಿದ್ದ. ಆ ಕಾಲ ಈಗ ಕಳೆದುಹೋಗಿದೆ. ನಮ್ಮ ದೇಶದ ತಂತಿ ಸೇವೆ ೨೦೧೩ರ ಜುಲೈ ತಿಂಗಳಲ್ಲಿ ನಿಂತಿತು. ೨೦೨೫ರಲ್ಲಿ ರಿಜಿಸ್ಟರ್ಡ್ ಅಂಚೆಯೂ ಪ್ರತ್ಯೇಕ ಸೇವೆಯಾಗಿ ಉಳಿಯದೆ ಸ್ಪೀಡ್ ಪೋಸ್ಟಿನಲ್ಲಿ ಸೇರಿಹೋಯಿತು. ಬ್ಯಾಂಕಿನವರು, ವಿಮೆಯವರು, ರೈಲ್ವೆ ಟಿಕೇಟಿನವರು, ಮಕ್ಕಳ ಪರೀಕ್ಷೆಯ ಪ್ರವೇಶಪತ್ರ ಕೊಡುವವರು, ನೌಕರಿಗೆ ಕರೆಯುವವರು, ಎಲ್ಲರೂ ಇಂದು ಕೇಳುವುದು ಒಂದೇ ಪ್ರಶ್ನೆ: "ನಿಮ್ಮ ಇ-ಮೇಲ್ ಐಡಿ ಏನು?"

ಈ ಪ್ರಶ್ನೆಗೆ ನಮ್ಮಲ್ಲಿ ಎಷ್ಟು ಮಂದಿ ಧೈರ್ಯವಾಗಿ ಉತ್ತರ ಹೇಳಬಲ್ಲರು? ಕೆಲವರು ಸೈಬರ್ ಅಂಗಡಿಯವನ ಐಡಿಯನ್ನೇ ಬರೆಸುತ್ತಾರೆ. ಕೆಲವರ ಐಡಿಯನ್ನು ಏಜೆಂಟನೊಬ್ಬ ಎಂದೋ ಮಾಡಿಕೊಟ್ಟಿರುತ್ತಾನೆ; ಅದರ ಪಾಸ್‌ವರ್ಡು ಅವನಿಗೇ ಗೊತ್ತು. ಇನ್ನು ಕೆಲವರಿಗೆ ಸ್ವಂತ ಐಡಿಯಿದ್ದರೂ ಒಂದು ದಿನ ಮೇಲ್ ಬರುವುದು ನಿಂತರೆ, "ಅದು ಕೆಟ್ಟುಹೋಯಿತು, ನಮಗೇಕೆ ಅದರ ಗೊಡವೆ" ಎಂದು ಕೈಬಿಡುತ್ತಾರೆ. ಈ ಉದಾಸೀನದಿಂದ ನಷ್ಟವಾಗುವುದು ಯಾರಿಗೆ ಎಂಬುದನ್ನು ವಿಚಾರಿಸಬೇಕಾದ ಕಾಲ ಬಂದಿದೆ.

ಕಾಯಿದೆ ಏನು ಹೇಳುತ್ತದೆಂಬುದನ್ನು ಮೊದಲು ನೋಡೋಣ. ೨೦೦೦ದ ಇಸವಿಯ ಮಾಹಿತಿ ತಂತ್ರಜ್ಞಾನ ಕಾಯಿದೆಯ ೧೩ನೆಯ ಕಲಮು ಇಂಥ ಪತ್ರ ಯಾವಾಗ ತಲುಪಿತೆಂದು ಎಣಿಸಬೇಕೆಂಬುದನ್ನು ಗೊತ್ತುಮಾಡಿದೆ. ಬೇರೆ ಒಪ್ಪಂದವಿಲ್ಲದಿದ್ದರೆ, ನೀವು ಪತ್ರ ಪಡೆಯಲೆಂದು ಗೊತ್ತುಪಡಿಸಿಕೊಟ್ಟ ಗಣಕ ವ್ಯವಸ್ಥೆಯನ್ನು ಅದು ಪ್ರವೇಶಿಸಿದ ಕ್ಷಣವೇ ನಿಮಗೆ ತಲುಪಿದ ಕ್ಷಣ. ನೀವು ತೆರೆದು ಓದಿದ ಕ್ಷಣವೆಂದು ಅಲ್ಲಿ ಹೇಳಿಲ್ಲ. ಹದಿನೈದು ದಿನದೊಳಗೆ ಉತ್ತರ ಕೊಡಬೇಕೆಂಬ ನೋಟೀಸೊಂದು ನಿಮ್ಮ ಪೆಟ್ಟಿಗೆಯಲ್ಲಿ ಬಿದ್ದಿದ್ದು ನೀವು ನೋಡದೆ ಇದ್ದರೆ, "ನಾನು ನೋಡಲಿಲ್ಲ" ಎಂಬ ಮಾತಿಗೆ ತೂಕ ಕಡಿಮೆ. ಅಂದ ಮೇಲೆ ಮೇಲ್ ಕೆಟ್ಟಿದೆ ಎಂಬುದು ಸಣ್ಣ ಸಂಗತಿಯಲ್ಲ. ಮನೆಯ ಬಾಗಿಲಿಗೆ ಬಂದ ಅಂಚೆಯವನನ್ನು ನಾವೇ ಹೊರಗೆ ನಿಲ್ಲಿಸಿದ ಹಾಗೆ.

ಗಿರಣಿಯ ಬಂಧುಗಳಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಮುಂಬಯಿಯಲ್ಲಿ ೧೯೮೨ರ ಜನವರಿ ೧೮ರಂದು ಡಾ. ದತ್ತಾ ಸಾಮಂತರ ನೇತೃತ್ವದಲ್ಲಿ ಆರಂಭವಾದ ಮುಷ್ಕರದ ಬಳಿಕ ಎಷ್ಟೋ ಗಿರಣಿಗಳು ಮುಚ್ಚಿಹೋದವು. ದುಡಿದವರು ದಿಕ್ಕು ದಿಕ್ಕಿಗೆ ಚದುರಿದರು. ಗಿರಣಿ ಕಾರ್ಮಿಕರ ಮನೆಗಳಿಗಾಗಿ ೨೦೧೨ರಲ್ಲಿ ಮ್ಹಾಡಾ ಲಾಟರಿ ತೆಗೆಯುವ ಹೊತ್ತಿಗೆ ಮುಷ್ಕರಕ್ಕೆ ಮೂವತ್ತು ವರ್ಷ ತುಂಬಿತ್ತು. ಆ ಮೂವತ್ತು ವರ್ಷಗಳಲ್ಲಿ ಖೋಲಿಗಳು ಕೈಬದಲಾದವು, ಚಾಳುಗಳು ಬಿದ್ದು ಗೋಪುರಗಳೆದ್ದವು, ಕೆಲವರು ಊರಿಗೆ ಮರಳಿದರು, ಕೆಲವರು ತೀರಿಕೊಂಡು ವಾರಸುದಾರರು ಉಳಿದರು. ಹಕ್ಕು ಇದ್ದರೂ ವಿಳಾಸವಿಲ್ಲದವನ ಪಾಡು ಎಂಥದೆಂದು ಅವರು ಬಲ್ಲರು. ಖೋಲಿ ಬದಲಾದರೂ ಬದಲಾಗದ ವಿಳಾಸವೊಂದು ಇರುವುದಾದರೆ ಅದು ಇ-ಮೇಲು. ಆದರೆ ಅದು ನಿಮ್ಮ ಕೈಯಲ್ಲಿದ್ದರೆ ಮಾತ್ರ.

ಇ-ಮೇಲಿನ ತೊಂದರೆಯನ್ನು ಕಂಡುಹಿಡಿಯುವುದು ಇಂಜಿನಿಯರರಿಗೆ ಮಾತ್ರ ಸಾಧ್ಯವೆಂಬುದು ಶುದ್ಧ ತಪ್ಪು ತಿಳಿವಳಿಕೆ. ಮಗ್ಗ ನಿಂತಾಗ ನೇಯುವವನು ಏನು ಮಾಡುತ್ತಿದ್ದ? ನೂಲು ಹರಿದಿದೆಯೇ, ಲಾಳಿ ಸಿಕ್ಕಿದೆಯೇ, ಪಟ್ಟಿ ಜಾರಿದೆಯೇ, ಕರೆಂಟೇ ಇಲ್ಲವೇ ಎಂದು ಒಂದೊಂದಾಗಿ ನೋಡುತ್ತಿದ್ದ. ಹೋಟೆಲಿನ ಒಲೆ ಉರಿಯದಿದ್ದರೆ ಭಟ್ಟರು ಮೊದಲು ಸಿಲಿಂಡರು ನೋಡುತ್ತಾರೆ, ಆಮೇಲೆ ರೆಗ್ಯುಲೇಟರು, ಆಮೇಲೆ ಬರ್ನರು. ಒಲೆಯನ್ನೇ ಬಿಸಾಡುವುದಿಲ್ಲ. ಇಲ್ಲಿಯೂ ಅದೇ ಕ್ರಮ ಸಾಕು.

ಮೊದಲ ಪರೀಕ್ಷೆ: ಇಂಟರ್‌ನೆಟ್ ಇದೆಯೇ? ಬೇರೆ ಯಾವುದಾದರೂ ಪುಟ ತೆರೆದು ನೋಡಿರಿ. ಅದು ತೆರೆಯದಿದ್ದರೆ ಮೇಲಿನ ಮೇಲೆ ಸಿಟ್ಟು ಮಾಡಿ ಫಲವಿಲ್ಲ. ಎರಡನೆಯ ಪರೀಕ್ಷೆ ಇನ್ನೂ ಮುಖ್ಯವಾದುದು. ಮೇಲ್ ಪ್ರೋಗ್ರಾಮನ್ನು ಬದಿಗಿಟ್ಟು, ಬ್ರೌಸರಿನಲ್ಲಿ ಜಿಮೇಲ್ ಮುಂತಾದ ನಿಮ್ಮ ಸೇವೆಯ ಪುಟಕ್ಕೆ ನೇರವಾಗಿ ಹೋಗಿ ಒಳಗೆ ಪ್ರವೇಶಿಸಿರಿ. ಅಲ್ಲಿ ಮೇಲ್ ಸರಿಯಾಗಿ ಬರುತ್ತಿದ್ದರೆ ನಿಮ್ಮ ಖಾತೆ ಕ್ಷೇಮವಾಗಿದೆ, ದೋಷ ಪ್ರೋಗ್ರಾಮಿನದು. ಅಲ್ಲಿಯೂ ಬಾರದಿದ್ದರೆ ದೋಷ ಖಾತೆಯದು. ಈ ಒಂದು ಪರೀಕ್ಷೆಯಿಂದ ಅರ್ಧ ಕೆಲಸ ಮುಗಿದಂತೆ. ರಿಪೇರಿಯ ಹೆಸರಿನಲ್ಲಿ ಅಂಗಡಿಯವನು ಕೇಳುವ ಹಣದಲ್ಲಿಯೂ ಅರ್ಧ ಉಳಿಯುತ್ತದೆ.

ಖಾತೆಯಲ್ಲಿಯೇ ದೋಷವಿದ್ದರೆ ಬಹುಮಟ್ಟಿಗೆ ಕಾರಣ ಪೆಟ್ಟಿಗೆ ತುಂಬಿರುವುದು. ಜಿಮೇಲಿನವರು ಪುಕ್ಕಟೆ ಕೊಡುವ ಜಾಗ ೧೫ ಜಿಬಿ. ಅದು ಮೇಲಿಗೆ ಮಾತ್ರವಲ್ಲ. ಡ್ರೈವಿನ ಕಡತ, ಫೋಟೋ ಎಲ್ಲಕ್ಕೂ ಸೇರಿ ಇರುವ ಒಂದೇ ಕೋಣೆ. ೨೦೨೧ರ ಜೂನ್ ೧ರಿಂದ ಗೂಗಲ್ ಫೋಟೋಸಿಗೆ ಹಾಕುವ ಹೊಸ ಚಿತ್ರಗಳೂ ಈ ಲೆಕ್ಕಕ್ಕೆ ಬರುತ್ತವೆ. ಆಂಡ್ರಾಯ್ಡ್ ಫೋನಿನ ವಾಟ್ಸ್ಯಾಪ್ ಬ್ಯಾಕಪ್ಪೂ ಈಗ ಇದರಲ್ಲಿಯೇ ಸೇರಿದೆ. ಊರಿನ ಕೋಲದ ವಿಡಿಯೋ, ಮದುವೆಯ ಫೋಟೋ, ದಿನವೂ ಬರುವ ಶುಭೋದಯದ ಚಿತ್ರಗಳು ಕೋಣೆ ತುಂಬಿದ ಮೇಲೆ ಬ್ಯಾಂಕಿನ ಪತ್ರಕ್ಕೆ ಕಾಲಿಡಲು ಜಾಗವೆಲ್ಲಿ? ಅದು ಕಳುಹಿಸಿದವರಿಗೇ ಮರಳುತ್ತದೆ. ಬೇಡವಾದ ದೊಡ್ಡ ಕಡತಗಳನ್ನು ಅಳಿಸಿ, ಕಸದ ಬುಟ್ಟಿಯನ್ನೂ ಖಾಲಿ ಮಾಡಿದರೆ ಮತ್ತೆ ದಾರಿ ತೆರೆಯುತ್ತದೆ. ಬುಟ್ಟಿಯಲ್ಲಿರುವುದೂ ೩೦ ದಿನಗಳ ತನಕ ಜಾಗ ಹಿಡಿದಿರುತ್ತದೆಂಬುದು ನೆನಪಿರಲಿ.

ಪೆಟ್ಟಿಗೆ ತುಂಬಿಲ್ಲ, ಆದರೂ ಬರಬೇಕಾದ ಪತ್ರ ಕಾಣುವುದಿಲ್ಲ ಎಂದಾದರೆ ಸ್ಪ್ಯಾಮ್ ಎಂಬ ಕಪಾಟನ್ನು ನೋಡಿರಿ. ಯಂತ್ರವು ಒಳ್ಳೆಯದನ್ನೂ ಕೆಲವೊಮ್ಮೆ ಕಸವೆಂದು ಎಣಿಸುತ್ತದೆ. ಜಿಮೇಲಿನಲ್ಲಿ ಆ ಕಪಾಟಿನ ಪತ್ರಗಳು ೩೦ ದಿನಗಳ ಬಳಿಕ ತಾವಾಗಿಯೇ ಅಳಿಯುತ್ತವೆ. ಆದುದರಿಂದ ವಾರಕ್ಕೊಮ್ಮೆ ಅದನ್ನು ತೆರೆದು ನೋಡುವ ರೂಢಿ ಬೇಕು. "ಇದು ಸ್ಪ್ಯಾಮ್ ಅಲ್ಲ" ಎಂದು ಒತ್ತಿದರೆ ಮುಂದಿನ ಸಲ ಅದು ಸರಿಯಾದ ಸ್ಥಳಕ್ಕೆ ಬರುವ ಸಂಭವ ಹೆಚ್ಚು. ಹಾಗೆಯೇ ಸೆಟ್ಟಿಂಗ್ಸಿನಲ್ಲಿ ಫಿಲ್ಟರ್, ಫಾರ್ವರ್ಡಿಂಗ್ ಎಂಬ ಎರಡು ಕಡೆ ಕಣ್ಣು ಹಾಯಿಸಿರಿ. ನಿಮ್ಮ ಖಾತೆಯನ್ನು ಬೇರೊಬ್ಬ ಮಾಡಿಕೊಟ್ಟಿದ್ದರೆ, ನಿಮ್ಮ ಪತ್ರಗಳ ಪ್ರತಿ ಅವನ ಕಡೆಗೂ ಹೋಗುವಂತೆ ಅಲ್ಲಿ ಬರೆದಿರಬಹುದು.

ನೀವು ಕಳುಹಿಸಿದ ಮೇಲ್ ಮರಳಿ ಬಂದರೆ ಹೆದರಬೇಕಾಗಿಲ್ಲ. 'ಮೇಲರ್ ಡೀಮನ್' ಎಂಬ ಹೆಸರಿನಿಂದ ಬರುವ ಆ ಇಂಗ್ಲಿಷ್ ಪತ್ರದಲ್ಲಿ ಒಂದು ಸಂಖ್ಯೆ ಇರುತ್ತದೆ. ಅದು ೪ರಿಂದ ಆರಂಭವಾದರೆ ಅಡ್ಡಿ ತಾತ್ಕಾಲಿಕ, ಸ್ವಲ್ಪ ತಡೆದು ನೋಡಬಹುದು. ೫ರಿಂದ ಆರಂಭವಾದರೆ ಖಾಯಂ ದೋಷ. ಬಹಳ ಮಾಡಿ ವಿಳಾಸವೇ ತಪ್ಪು. ನಮ್ಮ ಹೆಸರುಗಳಲ್ಲಿ ಈ ತಪ್ಪು ಸಹಜವೇ ಸರಿ. ಪೂಜಾರಿ ಎಂಬುದನ್ನು ಇಂಗ್ಲಿಷಿನಲ್ಲಿ ಒಂದು 'ಯು' ಹಾಕಿ ಬರೆಯುವವರೂ ಇದ್ದಾರೆ, ಎರಡು 'ಓ' ಹಾಕಿ ಬರೆಯುವವರೂ ಇದ್ದಾರೆ. ಅರ್ಜಿಯಲ್ಲಿ ಒಂದು ಅಕ್ಷರ ಬದಲಾದರೆ ಪತ್ರ ಇನ್ನಾರದೋ ಪೆಟ್ಟಿಗೆಗೆ ಹೋಗುತ್ತದೆ. ಆದಕಾರಣ ಬಾಯಲ್ಲಿ ಹೇಳಿ ಬರೆಸಬೇಡಿರಿ; ಚೀಟಿಯಲ್ಲಿ ಅಚ್ಚಿನ ಅಕ್ಷರದಲ್ಲಿ ಬರೆದಿಟ್ಟುಕೊಂಡು ಅದನ್ನೇ ತೋರಿಸಿರಿ. ಪತ್ರದ ಜೊತೆ ಲಗತ್ತಿಸುವ ಕಡತಕ್ಕೂ ಒಂದು ಮಿತಿಯುಂಟು: ಜಿಮೇಲಿನಲ್ಲಿ ಅದು ೨೫ ಎಂಬಿ. ಹತ್ತು ಕಾಗದಗಳ ಫೋಟೋ ತೆಗೆದು ಒಟ್ಟಿಗೆ ಕಳುಹಿಸಲು ಹೋದರೆ ಅದು ಮೀರಿಹೋಗಬಹುದು. ಎರಡು ಮೂರು ಕಂತುಗಳಲ್ಲಿ ಕಳುಹಿಸಿದರೆ ತೀರಿತು.

ಇನ್ನು ಖಾತೆ ಸರಿಯಿದ್ದು ಪ್ರೋಗ್ರಾಮೇ ಹಟ ಹಿಡಿದಾಗಿನ ಮಾತು. ನಮ್ಮವರ ಮನೆಗಳಲ್ಲಿರುವ ಗಣಕಯಂತ್ರಗಳು ಹೆಚ್ಚಾಗಿ ಕೈಬದಲಾಗಿ ಬಂದವು, ಹಳೆಯವು. ಪಾಸ್‌ವರ್ಡು ಸರಿಯಾಗಿದ್ದರೂ "ತಪ್ಪು ಪಾಸ್‌ವರ್ಡು" ಎಂದು ಪ್ರೋಗ್ರಾಮು ಪದೇ ಪದೇ ಹೇಳುವುದುಂಟು. ಅದಕ್ಕೆ ಕಾರಣವಿದೆ. ಬರಿಯ ಹೆಸರು, ಪಾಸ್‌ವರ್ಡು ಕೊಟ್ಟು ಒಳಗೆ ಬರುತ್ತಿದ್ದ ಹಳೆಯ ಪ್ರೋಗ್ರಾಮುಗಳಿಗೆ ಗೂಗಲಿನವರು ೨೦೨೨ರ ಮೇ ೩೦ರಿಂದ ಬಾಗಿಲು ಮುಚ್ಚಿದರು. ಮೈಕ್ರೋಸಾಫ್ಟಿನವರೂ ತಮ್ಮ ಔಟ್‌ಲುಕ್ ಖಾತೆಗಳಿಗೆ ೨೦೨೪ರ ಸೆಪ್ಟೆಂಬರಿನಲ್ಲಿ ಹಾಗೆಯೇ ಮಾಡಿದರು. ವಿಂಡೋಸಿನ ಜೊತೆಗೇ ಬರುತ್ತಿದ್ದ 'ಮೇಲ್' ಎಂಬ ಪ್ರೋಗ್ರಾಮಿನ ಆಯುಷ್ಯ ೨೦೨೪ರ ಡಿಸೆಂಬರ್ ೩೧ಕ್ಕೆ ಮುಗಿಯಿತು. ಇದರಲ್ಲಿ ನಿಮ್ಮ ತಪ್ಪೇನೂ ಇಲ್ಲ. ಥಂಡರ್‌ಬರ್ಡ್ ಎಂಬ ಪುಕ್ಕಟೆ ಪ್ರೋಗ್ರಾಮನ್ನು ಹಾಕಿಕೊಳ್ಳಬಹುದು, ಇಲ್ಲವೆ ಬ್ರೌಸರಿನಲ್ಲಿಯೇ ಮೇಲ್ ನೋಡಬಹುದು. ಹಣ ಕೊಟ್ಟು ಹೊಸ ಯಂತ್ರ ಕೊಳ್ಳಬೇಕೆಂದು ಯಾರಾದರೂ ಹೇಳಿದರೆ ಕೂಡಲೆ ಒಪ್ಪಬೇಡಿರಿ.

ಮೇಲ್ ಬರುತ್ತದೆ, ಆದರೆ ಕಳುಹಿಸಲು ಆಗುವುದಿಲ್ಲ ಎಂಬ ದೂರು ಇನ್ನೊಂದು. ಅಂಚೆ ಕಚೇರಿಯಲ್ಲಿ ಕಾಗದ ಕೊಡುವ ಕಿಟಕಿ ಬೇರೆ, ಕಾಗದ ಪಡೆಯುವ ಕಿಟಕಿ ಬೇರೆ ಇದ್ದ ಹಾಗೆ, ಮೇಲ್ ಪ್ರೋಗ್ರಾಮಿಗೂ ಬರುವ ದಾರಿ, ಹೋಗುವ ದಾರಿ ಬೇರೆ ಬೇರೆ. ಬರುವುದಕ್ಕೆ ಐಮ್ಯಾಪ್, ಅದರ ದ್ವಾರಸಂಖ್ಯೆ ೯೯೩. ಹೋಗುವುದಕ್ಕೆ ಎಸ್‌ಎಂಟಿಪಿ, ಅದರದು ೪೬೫ ಇಲ್ಲವೆ ೫೮೭. ಪಾಸ್‌ವರ್ಡು ಬದಲಾಯಿಸಿದಾಗ ಒಂದು ಕಡೆ ಬದಲಾಯಿಸಿ ಇನ್ನೊಂದು ಕಡೆ ಬಿಟ್ಟಿದ್ದರೆ ಒಂದು ಕಿಟಕಿ ಮುಚ್ಚಿಯೇ ಇರುತ್ತದೆ. ಇನ್ನು 'ಪಾಪ್' ಎಂಬ ಹಳೆಯ ದಾರಿಯಲ್ಲಿ ಮೇಲ್ ಪಡೆಯುವವರ ಸಂಗತಿ ಬೇರೆ. ಆ ಪದ್ಧತಿಯಲ್ಲಿ ಪತ್ರಗಳು ಗಣಕಯಂತ್ರಕ್ಕೆ ಇಳಿದು, ಮೂಲದಿಂದ ಅಳಿಸಿಹೋಗುವಂತೆ ಇರಬಹುದು. ಆಮೇಲೆ ಮೊಬೈಲಿನಲ್ಲಿ ಹುಡುಕಿದರೆ ಎಲ್ಲಿ ಸಿಕ್ಕೀತು? ಐಮ್ಯಾಪಿಗೆ ಬದಲಾಯಿಸಿಕೊಂಡರೆ ಎಲ್ಲ ಕಡೆಯೂ ಒಂದೇ ಪೆಟ್ಟಿಗೆ ಕಾಣುತ್ತದೆ. ಮೊಬೈಲಿನಲ್ಲಿ ಮಾತ್ರ ಮೇಲ್ ತಡವಾಗಿ ಬರುತ್ತಿದ್ದರೆ 'ಸಿಂಕ್' ಎಂಬುದು ಆರಿದೆಯೇ, ಬ್ಯಾಟರಿ ಉಳಿಸುವ ಗುಂಡಿ ಒತ್ತಿದೆಯೇ ನೋಡಿರಿ.

ಒಂದು ವಿಚಿತ್ರವಾದ ದೋಷವನ್ನೂ ಹೇಳಬೇಕು. ಹಳೆಯ ಗಣಕಯಂತ್ರದೊಳಗೆ ನಾಣ್ಯದಷ್ಟು ದೊಡ್ಡ ಬ್ಯಾಟರಿಯೊಂದು ಇರುತ್ತದೆ. ಅದು ಸತ್ತರೆ ಯಂತ್ರವು ಪ್ರತಿಸಲ ಆರಿಸಿ ಹೊತ್ತಿಸಿದಾಗ ತಾರೀಕು ಹಿಂದಕ್ಕೆ ಹೋಗುತ್ತದೆ. ತಾರೀಕು ತಪ್ಪಿದ್ದರೆ ಸುರಕ್ಷಿತ ಸಂಪರ್ಕದ ಪ್ರಮಾಣಪತ್ರಗಳನ್ನು ಯಂತ್ರ ನಂಬುವುದಿಲ್ಲ, ಮೇಲ್ ತೆರೆಯುವುದಿಲ್ಲ. ತಾರೀಕು ಸರಿಮಾಡಿ, ಆ ಸಣ್ಣ ಬ್ಯಾಟರಿ ಬದಲಾಯಿಸಿದರೆ ಆಯಿತು. ಇದಕ್ಕಾಗಿ ಇಡೀ ಯಂತ್ರವನ್ನು ಗುಜರಿಗೆ ಹಾಕುವುದು ಅನ್ಯಾಯ.

ಇಷ್ಟೆಲ್ಲ ದೋಷಗಳಿಗೆ ಮದ್ದುಂಟು. ಕೀಲಿಯೇ ಕಳೆದುಹೋದರೆ ಮಾತ್ರ ಮದ್ದು ಕಷ್ಟ. ನನ್ನ ಮುಖ್ಯವಾದ ಮಾತು ಇಲ್ಲಿಯೇ ಇರುವುದು. ನಮ್ಮವರು ಊರಿಗೆ ಹೋದಾಗ ಒಂದು ಸಿಮ್ಮು, ಇಲ್ಲಿಗೆ ಬಂದಾಗ ಇನ್ನೊಂದು ಸಿಮ್ಮು ಹಾಕುತ್ತಾರೆ. ಹಳೆಯ ನಂಬರು ನಿಂತುಹೋಗುತ್ತದೆ. ನಿಂತ ನಂಬರನ್ನು ೯೦ ದಿನಗಳ ಬಳಿಕ ಕಂಪನಿಯವರು ಬೇರೊಬ್ಬರಿಗೆ ಕೊಡಬಹುದು. ಆಮೇಲೆ ಪಾಸ್‌ವರ್ಡು ಮರೆತು ಓಟಿಪಿ ಕೇಳಿದರೆ ಅದು ಹೋಗುವುದು ಯಾರೋ ಅಪರಿಚಿತನ ಫೋನಿಗೆ. ನಂಬರು ಬದಲಾಯಿಸಿದ ದಿನವೇ ಇ-ಮೇಲ್ ಖಾತೆಯಲ್ಲಿಯೂ ಬದಲಾಯಿಸಬೇಕು. ಮನೆಯವರೊಬ್ಬರ ಐಡಿಯನ್ನು ಎರಡನೆಯ ದಾರಿಯಾಗಿ ಬರೆದಿಡಬೇಕು. ಗೂಗಲಿನವರು ಹತ್ತು 'ಬ್ಯಾಕಪ್ ಕೋಡ್'ಗಳನ್ನು ಕೊಡುತ್ತಾರೆ, ಪ್ರತಿಯೊಂದರಲ್ಲಿ ಎಂಟು ಅಂಕೆ. ಅದನ್ನು ಕಾಗದದಲ್ಲಿ ಬರೆದು ರೇಷನ್ ಕಾರ್ಡಿನ ಜೊತೆಯಲ್ಲಿ ಟ್ರಂಕಿನೊಳಗಿಡಿರಿ. ಊರಿನಲ್ಲಿರುವ ಅಪ್ಪ ಅಮ್ಮಂದಿರ ಖಾತೆಯನ್ನೂ ಆಗಾಗ ತೆರೆಯುತ್ತಿರಬೇಕು. ಎರಡು ವರ್ಷ ಯಾರೂ ಮುಟ್ಟದ ಖಾತೆಗಳನ್ನು ಅಳಿಸಿಹಾಕುವ ನಿಯಮವನ್ನು ಗೂಗಲಿನವರು ೨೦೨೩ರ ಡಿಸೆಂಬರಿನಿಂದ ಜಾರಿಗೆ ತಂದಿದ್ದಾರೆ.

ಪಾಸ್‌ವರ್ಡನ್ನು ಏಜೆಂಟನಿಗಾಗಲಿ, ಅಂಗಡಿಯವನಿಗಾಗಲಿ, ಹೋಟೆಲಿನ ಧನಿಗಳಿಗಾಗಲಿ ಕೊಡಕೂಡದು. ಧನಿಗಳ ಮೇಲಿನ ಗೌರವ ಬೇರೆ, ಖಾತೆಯ ಕೀಲಿ ಬೇರೆ. ಹಬ್ಬದ ಬೋನಸ್ಸಿನ ಹಣವನ್ನು ಇಟ್ಟ ಪೆಟ್ಟಿಗೆಯ ಕೀಲಿಯನ್ನು ನಾವು ಯಾರಿಗಾದರೂ ಕೊಟ್ಟು ಬರುತ್ತೇವೆಯೆ? "ನಿಮ್ಮ ಮೇಲ್ ಕೆಟ್ಟಿದೆ, ಸರಿಮಾಡುತ್ತೇವೆ, ಓಟಿಪಿ ಹೇಳಿ" ಎಂದು ಫೋನು ಬಂದರೆ ಅವನು ಕಳ್ಳನೆಂದೇ ತಿಳಿಯಬೇಕು. ಹಣ ಹೋಯಿತೆಂದಾದರೆ ತಡಮಾಡದೆ ೧೯೩೦ ಎಂಬ ರಾಷ್ಟ್ರೀಯ ನಂಬರಿಗೆ ಫೋನು ಮಾಡಿ ದೂರು ಕೊಡಬೇಕು.

"ವಾಟ್ಸ್ಯಾಪ್ ಇದೆಯಲ್ಲ, ಇ-ಮೇಲಿನ ಹಂಗೇಕೆ?" ಎಂದು ಕೇಳುವ ತರುಣರಿದ್ದಾರೆ. ಅವರು ಒಂದನ್ನು ಮರೆತಿದ್ದಾರೆ. ಅವರ ಆಂಡ್ರಾಯ್ಡ್ ಫೋನೇ ಒಂದು ಗೂಗಲ್ ಖಾತೆಯ ಮೇಲೆ ನಿಂತಿದೆ. ಫೋನು ಕೆಟ್ಟು ಮೊದಲಿನ ಸ್ಥಿತಿಗೆ ತರುವಾಗ ಅದು ಹಳೆಯ ಖಾತೆಯ ಪಾಸ್‌ವರ್ಡು ಕೇಳಿದರೆ, ಹೇಳಲಾರದವನ ಕೈಯಲ್ಲಿ ಉಳಿಯುವುದು ಗಾಜಿನ ತುಂಡು. "ಮಗ ನೋಡಿಕೊಳ್ಳುತ್ತಾನೆ" ಎನ್ನುವ ಹಿರಿಯರಿಗೂ ಒಂದು ಮಾತು. ಮಗ ಸಹಾಯ ಮಾಡಲಿ, ಸಂತೋಷ. ಆದರೆ ಕೀಲಿ ಎಲ್ಲಿದೆಯೆಂಬುದು ಮನೆಯ ಯಜಮಾನನಿಗೂ ಯಜಮಾನಿತಿಗೂ ಗೊತ್ತಿರಬೇಕು.

ಎಲ್ಲ ಹೊಣೆಯನ್ನೂ ಕಾರ್ಮಿಕನ ಹೆಗಲಿಗೇ ಹೊರಿಸುವುದು ನನ್ನ ಉದ್ದೇಶವಲ್ಲ. ಹಗಲೆಲ್ಲ ಬಿಸಿ ಒಲೆಯ ಮುಂದೆ ನಿಂತವನು ರಾತ್ರಿ ಹನ್ನೊಂದಕ್ಕೆ ಸ್ಪ್ಯಾಮ್ ಕಪಾಟು ಹುಡುಕಬೇಕೆಂದು ಬಯಸುವ ಕಚೇರಿಗಳೂ ತಮ್ಮ ಕರ್ತವ್ಯವನ್ನು ಅರಿಯಬೇಕು. ಕೆಲಸದಿಂದ ತೆಗೆಯುವ ನೋಟೀಸು, ಹಕ್ಕಿನ ಅರ್ಜಿ ತಿರಸ್ಕರಿಸಿದ ತೀರ್ಮಾನ, ಮನೆಯ ಹಂಚಿಕೆಯ ಪತ್ರ, ಇಂಥವನ್ನು ಮೇಲಿನಲ್ಲಿ ಕಳುಹಿಸಿದರೂ ಕಾಗದದಲ್ಲಿಯೂ ಕಳುಹಿಸಲಿ. ಸಾಧ್ಯವಾದರೆ ಅವನ ಭಾಷೆಯಲ್ಲಿ ಕಳುಹಿಸಲಿ. ಮೇಲ್ ಮರಳಿ ಬಂದರೆ ಕಚೇರಿಗೂ ಗೊತ್ತಾಗುತ್ತದೆ. ಮರಳಿ ಬಂದುದನ್ನು ಕಂಡೂ "ನಾವು ಕಳುಹಿಸಿದ್ದೇವೆ" ಎಂದು ಕೈತೊಳೆದುಕೊಳ್ಳುವುದು ನ್ಯಾಯವಲ್ಲ. ಇದು ಬೇಡಿಕೆಯಾಗಿ ನಮ್ಮ ಸಂಘಗಳಿಂದ ಹೊರಡಬೇಕು.

ಇನ್ನು ಸಂಘದ ಕರ್ತವ್ಯ. ಹೋಟೆಲಿನ ಹುಡುಗರು ಹಗಲು ಲೋಟ ತೊಳೆದು ರಾತ್ರಿ ಶಾಲೆಯಲ್ಲಿ ಓದಿದ್ದು ಮುಂಬಯಿ ಕನ್ನಡಿಗರ ಚರಿತ್ರೆಯಲ್ಲಿ ಹೆಮ್ಮೆಯ ಅಧ್ಯಾಯ. ಅಂದು ಅಕ್ಷರ ಕಲಿಸಿದ ಹಾಗೆ ಇಂದು ಇದನ್ನು ಕಲಿಸಬೇಕು. ವಾರಕ್ಕೊಂದು ಸಂಜೆ, ಹೋಟೆಲಿನ ರಜೆಯ ದಿನ ನೋಡಿಕೊಂಡು, ಸಂಘದ ಕೋಣೆಯಲ್ಲಿ ಎರಡು ಬೆಂಚು ಹಾಕಿದರೆ ಸಾಕು. ಕಾಲೇಜು ಓದುವ ನಮ್ಮ ಮಕ್ಕಳಿಬ್ಬರು ಕುಳಿತು, ಬಂದವರ ಮೇಲನ್ನು ಬಂದವರ ಕೈಯಿಂದಲೇ ಸರಿಮಾಡಿಸಲಿ. ಒಂದು ನಿಯಮ ಕಡ್ಡಾಯವಾಗಿರಲಿ: ಪಾಸ್‌ವರ್ಡನ್ನು ಖಾತೆಯ ಒಡೆಯನೇ ಒತ್ತಬೇಕು, ಕಲಿಸುವವನು ಮುಖ ಆಚೆ ತಿರುಗಿಸಬೇಕು.

"ಕಾರ್ಮಿಕ ಸಂಘಕ್ಕೆ ಸಂಬಳ, ಬೋನಸ್ಸಿನ ಮಾತು ಸಾಕು, ಈ ತಂತ್ರದ ಮಾತೇಕೆ" ಎನ್ನುವವರು ಇರಬಹುದು. ಸಂಬಳದ ಚೀಟಿಯೂ ಬೋನಸ್ಸಿನ ಪತ್ರವೂ ಪ್ರಾವಿಡೆಂಟ್ ಫಂಡಿನ ಲೆಕ್ಕವೂ ಇಂದು ಇದೇ ತಂತ್ರದ ದಾರಿಯಲ್ಲಿ ಬರುತ್ತಿರುವಾಗ ದಾರಿಯನ್ನು ಕಾಯುವುದೂ ಸಂಘದ ಕೆಲಸವೇ. ಮುಂದಿನ ಕಾರ್ಯಕಾರಿ ಸಮಿತಿಯ ಸಭೆಯಲ್ಲಿ ಈ ಸಂಗತಿಯನ್ನು ಚರ್ಚೆಗೆ ತೆಗೆದುಕೊಳ್ಳಬೇಕೆಂದು ಪದಾಧಿಕಾರಿಗಳಲ್ಲಿ ವಿನಂತಿ. ಅದಕ್ಕೆ ಮುಂಚೆ ವಾಚಕ ಬಂಧುಗಳು ಇಂದು ರಾತ್ರಿಯೇ ಒಂದು ಕೆಲಸ ಮಾಡಲಿ: ತಮ್ಮ ಖಾತೆಯನ್ನು ತೆರೆದು, ಅದರಲ್ಲಿ ಬರೆದಿರುವ ಮೊಬೈಲ್ ನಂಬರು ಈಗಿನದೇ ಎಂದು ನೋಡಲಿ. ಅಲ್ಲವಾದರೆ ಮಲಗುವ ಮುಂಚೆ ಬದಲಾಯಿಸಲಿ.